ರೊಟ್ಟಿ ಬಡಿಯುವ ಕಟ್ಟೆಗೆ ಕಲ್ಲು ಹುಡುಕಿದ್ದು

ಧಾರವಾಡದ ನಮ್ಮ ಮನೆಯನ್ನು ಮಾವನವರು ಕಟ್ಟಿಸಿದ್ದು 1984ರಲ್ಲಿ. ನೆಲಕ್ಕೆ ಶಹಾಬಾದ್ ಫರಸಿ, ಅಡುಗೆಮನೆಯ ಕಟ್ಟೆಗೆ ಕಪ್ಪು ಕಡಪಾ ಕಲ್ಲು. ಆಗ ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೇ ಇತ್ತು. ಆ ಕಟ್ಟೆಯ ಮೇಲೆ ಅತ್ತೆ ನಲವತ್ತು ವರ್ಷ ರೊಟ್ಟಿ ಬಡಿದಿದ್ದಾರೆ. ಒಲೆಯ ಬಲಕ್ಕೆ ಸುಮಾರು ಒಂದೂವರೆ ಅಡಿ ಅಗಲದ ಜಾಗ ಅವರದು. ಅಲ್ಲಿ ಮಾತ್ರ ಕಲ್ಲು ಹೊಳೆಯಲ್ಲಿ ಸಿಗುವ ಗುಂಡಿನ ಹಾಗೆ ನುಣ್ಣಗಾಗಿತ್ತು. ಉಳಿದ ಕಡೆಯೆಲ್ಲ ಮಂಕು. ನಿಂಬೆಹಣ್ಣು ಹಿಂಡಿದಲ್ಲಿ ಬೆಳ್ಳಗಿನ ಚುಕ್ಕೆ, ಹುಣಸೆ ನೆನೆಸಿದ ಬಟ್ಟಲು ಇಟ್ಟಲ್ಲಿ ಉಂಗುರದಂಥ ಗುರುತು.

ಹೋದ ಮಳೆಗಾಲದಲ್ಲಿ ಸಿಂಕಿನ ಹತ್ತಿರ ಕಲ್ಲಿನ ಜೋಡಣೆ ಬಿಟ್ಟುಕೊಂಡಿತು. ನೀರು ಇಳಿದು ಕೆಳಗಿನ ಕಪಾಟಿನ ಕಟ್ಟಿಗೆ ಮೆತ್ತಗಾಯಿತು. ಜಿರಳೆ ಶುರುವಾದವು. ಎಷ್ಟು ಸಲ ಸಿಮೆಂಟ್ ಹಚ್ಚಿದರೂ ಮತ್ತೆ ಅದೇ. ಕೊನೆಗೆ ಅಡುಗೆಮನೆಯನ್ನೇ ಪೂರ್ತಿ ಹೊಸದು ಮಾಡೋಣ ಅಂತ ನಮ್ಮನೆಯವರು ಹೇಳಿದರು. ಕಪಾಟು, ಸಿಂಕು, ಟೈಲ್ಸ್ ಎಲ್ಲ ಒಂದೇ ವಾರದಲ್ಲಿ ಗೊತ್ತಾಯಿತು. ಕಟ್ಟೆಯ ಕಲ್ಲಿಗೆ ಮಾತ್ರ ಎರಡೂವರೆ ತಿಂಗಳು ಹಿಡಿಯಿತು.

ಮೊದಲ ಭಾನುವಾರ ಹುಬ್ಬಳ್ಳಿಯಲ್ಲಿ ಮೂರು ಅಂಗಡಿ ಸುತ್ತಿದೆವು. ಸ್ಲ್ಯಾಬುಗಳನ್ನು ಸಾಲಾಗಿ ಓರೆ ನಿಲ್ಲಿಸಿರುತ್ತಾರೆ. ನೀರು ಹೊಡೆದು, ಒರೆಸಿ, ಮೇಲೆ ದೀಪ ಹಾಕಿ ತೋರಿಸುತ್ತಾರೆ. ಜೆಟ್ ಬ್ಲ್ಯಾಕ್, ಬ್ಲ್ಯಾಕ್ ಗ್ಯಾಲಕ್ಸಿ, ಸ್ಟೀಲ್ ಗ್ರೇ, ಟ್ಯಾನ್ ಬ್ರೌನ್, ವಿಸ್ಕೌಂಟ್ ವೈಟ್, ರೂಬಿ ರೆಡ್ ಅಂತ ಹೆಸರುಗಳು. ಅಲ್ಲಿ ನಿಂತಾಗ ಎಲ್ಲವೂ ಚೆಂದವೇ. ನನ್ನ ಮಗಳು ಬಿಳಿ ಕ್ವಾರ್ಟ್ಜ್ ಮುಂದಿನಿಂದ ಕದಲಲೇ ಇಲ್ಲ. ಅಚ್ಚ ಬಿಳಿ, ನಡುವೆ ತೆಳ್ಳಗೆ ಬೂದು ಗೆರೆ. ನಮ್ಮನೆಯವರಿಗೂ ಅದೇ ಹಿಡಿಸಿತು. ಚದರ ಅಡಿಗೆ 480 ರೂಪಾಯಿ ಅಂದರು. ಕಪ್ಪು ಗ್ರಾನೈಟಿಗೆ 200ರ ಆಸುಪಾಸು, ಇಳಕಲ್ ಕೆಂಪಿಗೆ 150. ನಾನೂ ಮನಸ್ಸಿನಲ್ಲೇ ಬಿಳಿ ಕಟ್ಟೆಯ ಮೇಲೆ ಹಿತ್ತಾಳೆ ಡಬ್ಬಿಗಳನ್ನು ಜೋಡಿಸಿಬಿಟ್ಟಿದ್ದೆ.

ಅತ್ತೆ ಅಷ್ಟು ಹೊತ್ತು ಸುಮ್ಮನೆ ಇದ್ದರು. ಆಮೇಲೆ ಕ್ವಾರ್ಟ್ಜ್ ಮೇಲೆ ಅಂಗೈ ಇಟ್ಟು ಗುಂಡಗೆ ಒಂದು ಸುತ್ತು ತಿರುಗಿಸಿದರು.

"ಇದರ ಮ್ಯಾಲೆ ರೊಟ್ಟಿ ತಿರಗ್ತೈತೇನ್ರಿ?"

ಅಂಗಡಿಯವರಿಗೆ ಏನು ಹೇಳಬೇಕು ತಿಳಿಯಲಿಲ್ಲ. "ಅಮ್ಮಾರ, ಈಗ ಕಟ್ಟಿ ಮ್ಯಾಲೆ ಯಾರು ಬಡೀತಾರ್ರಿ? ಎಲ್ಲಾರೂ ಮಣಿ ಮ್ಯಾಲೇನ ಲಟ್ಟಿಸ್ತಾರ" ಅಂದರು.

ಅತ್ತೆ ಮತ್ತೆ ಮಾತಾಡಲಿಲ್ಲ. ಆದರೆ ವಾಪಸು ಬರುವಾಗ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಆ ಕಟ್ಟೆಯ ಮುಂದೆ ದಿನಕ್ಕೆ ಎರಡು ತಾಸು ನಿಲ್ಲುವವರು ಅವರು. ಅವರ ಪ್ರಶ್ನೆಯೇ ಮೊದಲ ಪ್ರಶ್ನೆ ಆಗಬೇಕಿತ್ತು, ಅಲ್ವಾ?

ಜೋಳದ ರೊಟ್ಟಿ ಬಡಿಯುವುದನ್ನು ಹತ್ತಿರದಿಂದ ನೋಡದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟು ಇಲ್ಲ. ಎಳೆದರೆ ಹರಿಯುತ್ತದೆ. ಕುದಿಯುವ ನೀರು ಹಾಕಿ ಕಲಸಿ, ಚೆನ್ನಾಗಿ ನಾದಿ, ಉಂಡೆ ಮಾಡಿ, ಕಟ್ಟೆಯ ಮೇಲೆ ಒಣ ಹಿಟ್ಟು ಉದುರಿಸಿ ಅಂಗೈಯಿಂದ ತಟ್ಟಬೇಕು. ತಟ್ಟುತ್ತಾ ತಟ್ಟುತ್ತಾ ರೊಟ್ಟಿ ತಾನಾಗಿ ತಿರುಗಬೇಕು. ತಿರುಗಿದರೆ ಮಾತ್ರ ದುಂಡಗೆ, ಒಂದೇ ಸಮ ತೆಳ್ಳಗೆ ಬರುತ್ತದೆ. ಕಲ್ಲು ಹಿಡಿದುಕೊಂಡರೆ ತಿರುಗುವುದಿಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಅಂಚಿನಲ್ಲಿ ಬಿರುಕು ಬಿಟ್ಟಾಗ ತಕ್ಷಣ ಬೆರಳಿನಿಂದ ಒತ್ತಿ ಕೂಡಿಸಬೇಕು. ಹಂಚಿಗೆ ಹೋದ ಮೇಲೆ ಏನೂ ಮಾಡಲು ಬರುವುದಿಲ್ಲ. ಅಂಥ ರೊಟ್ಟಿ ಉಬ್ಬುವುದೂ ಇಲ್ಲ.

ಮರುವಾರ ನಾನೊಬ್ಬಳೇ ಹುಬ್ಬಳ್ಳಿಗೆ ಹೋದೆ. ಅಂಗಡಿಗಳ ಹಿಂದೆ ಕತ್ತರಿಸಿ ಉಳಿದ ತುಂಡುಗಳ ರಾಶಿ ಇರುತ್ತದೆ. ಕೇಳಿದರೆ ಕೊಡುತ್ತಾರೆ. ಒಂದೊಂದೂ ಒಂದೂವರೆ ಅಡಿ ಇರುವಂಥವು ಆರು ಆರಿಸಿಕೊಂಡೆ. ಬಿಳಿ ಕ್ವಾರ್ಟ್ಜ್, ಬಿಳಿ ಗ್ರಾನೈಟ್, ಬ್ಲ್ಯಾಕ್ ಗ್ಯಾಲಕ್ಸಿ, ಲೆದರ್ ಫಿನಿಶ್ ಇರುವ ಸ್ಟೀಲ್ ಗ್ರೇ, ಮತ್ತೆ ಎರಡು ಬೇರೆ ಬೇರೆ ಅಂಗಡಿಯ ಸಾದಾ ಕಪ್ಪು. ಡಿಕ್ಕಿಯಲ್ಲಿ ಹಳೆ ಕಂಬಳಿ ಹಾಸಿ ತಂದೆ. ಎಂಟು ದಿನ ಅವುಗಳ ಮೇಲೆಯೇ ನಮ್ಮ ಅಡುಗೆ.

ಕಲ್ಲು ಆರಿಸುವವರು ಬೇರೇನು ಮಾಡದಿದ್ದರೂ ಇದೊಂದನ್ನು ಮಾಡಿ ಅಂತ ಕೈಮುಗಿದು ಹೇಳುತ್ತೇನೆ. ಅಂಗಡಿಯಲ್ಲಿ ಹತ್ತು ಸಲ ನೋಡಿದರೂ ಗೊತ್ತಾಗದ್ದು ಒಂದು ರಾತ್ರಿಯಲ್ಲಿ ಗೊತ್ತಾಗುತ್ತದೆ.

ಮೊದಲ ರಾತ್ರಿ ಎಲ್ಲದರ ಮೇಲೂ ಒಂದು ಮೂಲೆಯಲ್ಲಿ ಅರಿಶಿನ ಬೆರೆಸಿದ ಶೇಂಗಾ ಎಣ್ಣೆ, ಇನ್ನೊಂದು ಮೂಲೆಯಲ್ಲಿ ಹಿಂಡಿದ ನಿಂಬೆ ಹೋಳು, ನಡುವೆ ಹುಣಸೆ ರಸ ಬಿಟ್ಟು ಮಲಗಿದೆ. ಪಕ್ಕದಲ್ಲೇ ನಮ್ಮ ಹಳೆ ಕಡಪಾ ಕಟ್ಟೆಯ ಮೇಲೂ ಬಿಟ್ಟೆ. ಬೆಳಿಗ್ಗೆ ಒರೆಸಿದಾಗ ಕಡಪಾದ ಮೇಲೆ ನಿಂಬೆ ಇದ್ದಲ್ಲಿ ಹೊಳಪು ಹೋಗಿ ಬೂದು ಗುರುತು ಬಿದ್ದಿತ್ತು. ಅದು ಸುಣ್ಣದ ಕಲ್ಲು. ಶಹಾಬಾದ್ ಫರಸಿಯೂ ಅದೇ ಜಾತಿ, ಮಾರ್ಬಲ್ಲೂ ಅಷ್ಟೇ. ಹುಳಿ ಬಿದ್ದರೆ ಸುಣ್ಣ ಕರಗುತ್ತದೆ. ಅದು ಕಲೆಯಲ್ಲ, ಕಲ್ಲೇ ಅಷ್ಟು ಸವೆದಿರುತ್ತದೆ. ಅದಕ್ಕೇ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಲವತ್ತು ವರ್ಷ ಇದನ್ನು ಕಲೆ ಅಂದುಕೊಂಡು ಅತ್ತೆ ಎಷ್ಟು ಸೀಗೆಪುಡಿ, ಸೋಪಿನಪುಡಿ ಹಾಕಿ ತಿಕ್ಕಿದ್ದರೋ.

ಬಿಳಿ ಗ್ರಾನೈಟಿಗೆ ಹುಳಿ ಏನೂ ಮಾಡಲಿಲ್ಲ. ಆದರೆ ಎಣ್ಣೆ ಒಳಗೆ ಇಳಿದಿತ್ತು. ಎರಡು ಇಂಚಿನಷ್ಟು ಜಾಗ ಒದ್ದೆಯಾದ ಹಾಗೆ ಕಪ್ಪಾಗಿ, ಅದರ ಸುತ್ತ ಅರಿಶಿನದ ಹಳದಿ. ಎಣ್ಣೆ, ನೀರು ಒಳಗೆ ಇಳಿಯದ ಹಾಗೆ ಕಲ್ಲಿಗೆ ಹಚ್ಚುವ ಸೀಲರ್ ಅಂತ ಒಂದು ದ್ರವ ಇದೆ, ಅದನ್ನು ಹಚ್ಚಿದರೆ ಹೀಗಾಗುವುದಿಲ್ಲ, ಆದರೆ ಆಗಾಗ ಹಚ್ಚುತ್ತಿರಬೇಕು ಅಂತ ಅಂಗಡಿಯವರು ಹೇಳಿದರು. ನಮ್ಮ ಮನೆಯಲ್ಲಿ ದಿನಾ ಒಗ್ಗರಣೆ, ವಾರಕ್ಕೊಮ್ಮೆ ಎಣ್ಣೆ ತಿಂಡಿ. ಅದನ್ನು ನೆನಪಿಟ್ಟು ನೋಡಿಕೊಳ್ಳುವವರು ಯಾರು?

ಕ್ವಾರ್ಟ್ಜ್ ಎಣ್ಣೆ ಕುಡಿಯಲಿಲ್ಲ. ಹಳದಿ ಮಾತ್ರ ಮಸುಕಾಗಿ ಉಳಿಯಿತು. ಅಡುಗೆ ಸೋಡಾ ಹಚ್ಚಿ ತಿಕ್ಕಿ ಎರಡು ದಿನ ಬಿಸಿಲಲ್ಲಿ ಇಟ್ಟ ಮೇಲೆ ಅದೂ ಹೋಯಿತು. ಅಲ್ಲಿಯವರೆಗೆ ಅದೇ ಗೆದ್ದಿತ್ತು. ನಾಲ್ಕನೇ ದಿನ ಒಲೆಯಿಂದ ಇಳಿಸಿದ ಕಬ್ಬಿಣದ ರೊಟ್ಟಿ ಹಂಚನ್ನು ಅದರ ಮೇಲೆ ಇಟ್ಟೆ. ಬೇಕಂತಲೇ ಇಟ್ಟೆ. ನಮ್ಮ ಮನೆಯಲ್ಲಿ ಅವಸರಕ್ಕೆ ಹಂಚು ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಇಳಿಯುತ್ತದೆ. ಐದು ನಿಮಿಷ ಬಿಟ್ಟು ತೆಗೆದಾಗ ಕಂದು ಬಣ್ಣದ ಅರ್ಧ ಉಂಗುರ. ಅದು ಹೋಗಲೇ ಇಲ್ಲ. ಕ್ವಾರ್ಟ್ಜ್ ಅಂದರೆ ಗಣಿಯಿಂದ ಇಡಿಯಾಗಿ ತೆಗೆದ ಕಲ್ಲಲ್ಲ. ಕ್ವಾರ್ಟ್ಜ್ ಪುಡಿಯನ್ನು ಅಂಟಿನಂಥ ರೆಸಿನ್ ಹಾಕಿ ಒತ್ತಿ ಮಾಡಿದ ಹಲಗೆ. ಸುಮಾರು ನೂರಕ್ಕೆ ತೊಂಬತ್ತು ಪಾಲು ಕಲ್ಲಿನ ಪುಡಿಯೇ. ಬಿಸಿಗೆ ಸೋಲುವುದು ಉಳಿದ ಹತ್ತು ಪಾಲು. ಕೆಳಗೆ ಒಂದು ಇರಿಕೆ ಇಟ್ಟುಕೊಂಡು ಅಡುಗೆ ಮಾಡುವವರಿಗೆ ಇದು ತೊಂದರೆಯೇ ಅಲ್ಲ. ನಮ್ಮ ಮನೆಗೆ ಅದು ಆಗುವ ಮಾತಲ್ಲ.

ಬ್ಲ್ಯಾಕ್ ಗ್ಯಾಲಕ್ಸಿ ಆಂಧ್ರದ ಚೀಮಕುರ್ತಿಯ ಕಲ್ಲು. ಕಪ್ಪಿನಲ್ಲಿ ಚಿನ್ನದ ಹುಡಿ ಚೆಲ್ಲಿದ ಹಾಗೆ ಮಿನುಗುತ್ತದೆ. ಎಣ್ಣೆ, ಹುಳಿ, ಬಿಸಿ ಎಲ್ಲದಕ್ಕೂ ಗಟ್ಟಿಯಾಗಿ ನಿಂತಿತು. ಆದರೆ ಅತ್ತೆ ಅದನ್ನು ಒರೆಸುವುದನ್ನು ನಿಲ್ಲಿಸಲೇ ಇಲ್ಲ. ಒರೆಸುತ್ತಾರೆ, ಬಗ್ಗಿ ನೋಡುತ್ತಾರೆ, ಮತ್ತೆ ಒರೆಸುತ್ತಾರೆ. "ರವಾ ಚೆಲ್ಲಿದಂಗ ಕಾಣ್ತೈತಿ, ಯವ್ವಾ. ನಂಗ ಗೊತ್ತಾಗಂಗಿಲ್ಲ" ಅಂದರು. ಅವರಿಗೆ 74 ವರ್ಷ. ಎರಡೂ ಕಣ್ಣಿಗೆ ಪೊರೆ ತೆಗೆಸಿದೆ. ಆ ಮಿನುಗು ನನಗೆ ಚೆಂದ, ಅವರಿಗೆ ದಿನಾ ಒಂದು ಕಿರಿಕಿರಿ. ಬಿಟ್ಟೆವು.

ಲೆದರ್ ಫಿನಿಶ್ ಕೈಗೆ ಎಷ್ಟು ಹಿತ ಅಂದರೆ ನಾನು ಅದನ್ನೇ ಒಪ್ಪಿಸಬೇಕು ಅಂದುಕೊಂಡಿದ್ದೆ. ಹೊಳಪು ಇಲ್ಲ, ಸಣ್ಣ ಏರಿಳಿತ, ಬೆರಳಚ್ಚು ಕಾಣುವುದಿಲ್ಲ. ಅತ್ತೆ ಅದರ ಮೇಲೆ ರೊಟ್ಟಿ ಬಡಿದರು. ಎರಡು ಸುತ್ತು ತಿರುಗಿ ನಿಂತಿತು. ಆ ಸಣ್ಣ ಗುಳಿಗಳಲ್ಲಿ ಹಿಟ್ಟು ಕೂತು, ಒದ್ದೆ ಬಟ್ಟೆ ಹಾಕಿದ ತಕ್ಷಣ ಗೋಂದಿನ ಹಾಗಾಯಿತು. ಹಳೆ ಹಲ್ಲುಜ್ಜುವ ಬ್ರಷ್ ತಗೊಂಡು ತಿಕ್ಕಬೇಕಾಯಿತು.

ಉಳಿದದ್ದು ಎರಡು ಕಪ್ಪು. ಅವುಗಳ ಮೇಲೆ ಬಡಿದಾಗ ಅತ್ತೆಯ ಕೈ ಬದಲಾಗಿದ್ದು ನನಗೇ ಕಂಡಿತು. ರೊಟ್ಟಿ ಗರಗರ ತಿರುಗಿತು. ಅಷ್ಟೇ ಅಲ್ಲ, ಅಂಚಿನಲ್ಲಿ ಒಂದು ಬಿರುಕು ಬಿಟ್ಟಾಗ ಬಿಳಿ ರೊಟ್ಟಿಯ ನಡುವೆ ಕಪ್ಪು ಗೆರೆ ಎದ್ದು ಕಂಡಿತು. ಅತ್ತೆ ತಕ್ಷಣ ಅಲ್ಲಿ ಬೆರಳಿಟ್ಟು ಒತ್ತಿದರು.

"ಬಿರುಕು ಕಾಣ್ತೈತಿ ನೋಡು. ಕಾಣ್ತದ ಅಂದ ಮ್ಯಾಲೆ ಒತ್ತಾಕ ಬರ್ತೈತಿ."

ಬಣ್ಣದ ಬಗ್ಗೆ ನಾವು ಮನೆಯಲ್ಲಿ ಎಷ್ಟು ಮಾತಾಡಿದ್ದೆವು. ಬಿಳಿ ಹಾಕಿದರೆ ಬೆಳಕು ಜಾಸ್ತಿ, ಕಪ್ಪು ಹಾಕಿದರೆ ಮನೆ ಸಣ್ಣದಾಗಿ ಕಾಣುತ್ತೆ ಅಂತೆಲ್ಲ. ಅಡುಗೆ ಮಾಡುವವರ ಕಣ್ಣಿಗೆ ಬಣ್ಣ ಏನು ಕೆಲಸ ಮಾಡುತ್ತದೆ ಅಂತ ಒಬ್ಬರೂ ಯೋಚನೆ ಮಾಡಿರಲಿಲ್ಲ.

ಆ ಎರಡು ಕಪ್ಪಿನಲ್ಲಿ ಒಂದು ಮೋಸದ್ದಾಗಿತ್ತು. ನಿಂಬೆ ಬಿಟ್ಟ ಮೂಲೆಯಲ್ಲಿ ಅದು ಸ್ವಲ್ಪ ಬೂದಾಗಿತ್ತು. ನನಗೆ ಅನುಮಾನ ಬಂದು ನಮ್ಮ ಗೌಂಡಿಗೆ ತೋರಿಸಿದೆ. ಅವರು "ಅಕ್ಕಾರ, ಉಗುರಿನ ಬಣ್ಣ ತಗಿಯೋ ಎಣ್ಣಿ ಐತೇನ್ರಿ?" ಅಂತ ಕೇಳಿದರು. ಮಗಳ ಹತ್ತಿರ ಇತ್ತು. ಹತ್ತಿಗೆ ಹಚ್ಚಿ ಕಲ್ಲಿನ ಮೇಲೆ ಗಟ್ಟಿಯಾಗಿ ಉಜ್ಜಿದರು. ಹತ್ತಿ ಮಸಿಯಾಯಿತು. ಬೂದು ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ ಜೆಟ್ ಬ್ಲ್ಯಾಕ್ ಅಂತ ಮಾರುತ್ತಾರೆ. ಒಂದೆರಡು ವರ್ಷಕ್ಕೆ ಸಿಂಕಿನ ಸುತ್ತ ಬಣ್ಣ ಬಿಟ್ಟು ಮಚ್ಚೆಯಾಗುತ್ತದೆ. ಇನ್ನೊಂದು ತುಂಡಿಗೆ ಉಜ್ಜಿದಾಗ ಹತ್ತಿ ಬೆಳ್ಳಗೇ ಇತ್ತು. ನನಗೆ ನಿಜಕ್ಕೂ ಸಿಟ್ಟು ಬಂತು. ಎರಡಕ್ಕೂ ಹೆಚ್ಚುಕಡಿಮೆ ಒಂದೇ ದರ. ಕೊಳ್ಳುವವರಿಗೆ ಗೊತ್ತಾಗುವುದು ಹೇಗೆ? ಒಂದು ಚಮಚ ಎಣ್ಣೆಯಷ್ಟು ನೇಲ್ ಪಾಲಿಶ್ ರಿಮೂವರ್, ಒಂದು ಚೂರು ಹತ್ತಿ ಚೀಲದಲ್ಲಿ ಇಟ್ಟುಕೊಂಡು ಹೋಗಿ. ಕಪ್ಪು ಕಲ್ಲು ಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯ ಸಲಹೆ ನನ್ನ ಹತ್ತಿರ ಇಲ್ಲ.

ಇಷ್ಟಾದರೂ ನಮ್ಮನೆಯವರಿಗೆ ಇಳಕಲ್ ಕೆಂಪು ನೋಡದೆ ತೀರ್ಮಾನ ಮಾಡಲು ಮನಸ್ಸಿರಲಿಲ್ಲ. ನಮ್ಮ ಜಿಲ್ಲೆಗಳ ಕಲ್ಲು ಬಿಟ್ಟು ಬೇರೆ ಯಾಕೆ ಅನ್ನೋದು ಅವರ ಮಾತು. ನಾದಿನಿಯ ಮನೆ ಇಳಕಲ್ಲಿನಲ್ಲೇ ಇದೆ. ಬೆಳಿಗ್ಗೆ ಆರಕ್ಕೆ ಹೊರಟು ಗದಗ, ಗಜೇಂದ್ರಗಡ ದಾಟಿ ಹೋದೆವು. ಊರಿನ ಹೊರಗೆ ಕಲ್ಲು ಕೊಯ್ಯುವ ಕಾರ್ಖಾನೆಗಳು. ಅಂಗಳದಲ್ಲಿ ಆನೆಯಷ್ಟು ದೊಡ್ಡ ದಿಮ್ಮಿಗಳು. ಒಳಗೆ ಗರಗಸದ ಮೇಲೆ ನೀರು ಸುರಿಯುತ್ತಲೇ ಇರುತ್ತದೆ. ಕೆಳಗೆ ಗುಲಾಬಿ ಬಣ್ಣದ ಕೆಸರು. ಪಾಲಿಶ್ ಮಷಿನ್ನಿನಲ್ಲಿ ಒರಟು ಕಲ್ಲಿನಿಂದ ಶುರುಮಾಡಿ ನಯವಾದ ಕಲ್ಲಿನವರೆಗೆ ಒಂದಾದ ಮೇಲೊಂದು ತಿಕ್ಕುತ್ತಾರೆ. ಆ ಹೊಳಪು ಹಚ್ಚಿದ್ದಲ್ಲ, ಕಲ್ಲಿನದೇ.

ಇಳಕಲ್ ಕೆಂಪು ನಿಜಕ್ಕೂ ರಾಜಕಳೆಯ ಕಲ್ಲು. ಹತ್ತಿರ ಹೋಗಿ ನೋಡಿದರೆ ಅದು ಒಂದೇ ಕೆಂಪಲ್ಲ. ಅವಲಕ್ಕಿಯಷ್ಟು ದೊಡ್ಡ ಕೆಂಪು ಕಾಳು ಫೆಲ್ಡ್‌ಸ್ಪಾರ್, ನಡುವೆ ಗಾಜಿನಂಥ ಬೂದು ಚೂರು, ಅಲ್ಲಲ್ಲಿ ಕಪ್ಪು. ಅತ್ತೆ ಅದರ ಮೇಲೆ ಚೀಲದಿಂದ ನಾಲ್ಕು ಕಾಳು ಸಾಸಿವೆ, ಒಂದು ಚಿಟಿಕೆ ಜೋಳದ ಹಿಟ್ಟು ಹಾಕಿದರು. ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದರು! ಎರಡು ಹೆಜ್ಜೆ ಹಿಂದೆ ಸರಿದು ನಿಂತರೆ ಸಾಸಿವೆಯೂ ಇಲ್ಲ, ಹಿಟ್ಟೂ ಇಲ್ಲ. ಕಲ್ಲಿನಲ್ಲೇ ಸೇರಿಹೋಯಿತು. ಧೂಳು ಕಾಣದ ಕಲ್ಲು ಬೇಕು ಅನ್ನುವವರಿಗೆ ಇದಕ್ಕಿಂತ ಬೇರೆ ಬೇಡ. ಆದರೆ ಅತ್ತೆಗೆ ಕಾಣಬೇಕಿತ್ತು. ಒರೆಸಿದ ಮೇಲೆ ಏನು ಉಳಿದಿದೆ, ಇರುವೆ ಎಲ್ಲಿ ಬಂದಿದೆ, ರೊಟ್ಟಿ ಎಲ್ಲಿ ಬಿರಿದಿದೆ. ಆದರೂ ಆ ಕಲ್ಲನ್ನು ಬಿಟ್ಟು ಬರಲು ನಮ್ಮ ಯಾರಿಗೂ ಮನಸ್ಸಾಗಲಿಲ್ಲ. ದೇವರ ಮನೆಯ ಕಟ್ಟೆಗೂ ಹೊಸ್ತಿಲಿಗೂ ಆಗುವಷ್ಟು ತಂದೆವು.

ಹೀಗೆ ಸಾದಾ ಕಪ್ಪು ಗಟ್ಟಿಯಾಯಿತು. ಅಂಗಡಿಯಲ್ಲಿ ಅದನ್ನೂ ಗ್ರಾನೈಟ್ ಅಂತಲೇ ಕರೆಯುತ್ತಾರೆ. ಚಾಮರಾಜನಗರದ ಕಡೆಯಿಂದ ಬರುವ ಈ ಕಪ್ಪು ಕಲ್ಲು ಅಸಲಿಗೆ ಡೋಲರೈಟ್. ಭೂಮಿಯೊಳಗಿನ ಬಿರುಕುಗಳಲ್ಲಿ ಶಿಲಾರಸ ಮೇಲೆದ್ದು ಬಂದು ಬೇಗ ಆರಿದ್ದರಿಂದ ಕಾಳು ಬಹಳ ಸಣ್ಣದು, ಒತ್ತೊತ್ತಾಗಿದೆ. ಅದಕ್ಕೇ ಎಣ್ಣೆ ಇಳಿಯಲು ಜಾಗ ಸಿಗಲಿಲ್ಲ.

ಕ್ವಾರ್ಟ್ಜ್ ಬೇಡ ಅನ್ನಲು ನನಗೆ ಇನ್ನೊಂದು ಕಾರಣವೂ ಇತ್ತು. ಕಲ್ಲು ಕತ್ತರಿಸುವಾಗ ಏಳುವ ಸಣ್ಣ ಸಿಲಿಕಾ (ಕ್ವಾರ್ಟ್ಜ್ ಖನಿಜ ಅಂದರೆ ಸಿಲಿಕಾವೇ) ಧೂಳು ಪುಪ್ಪುಸಕ್ಕೆ ಹೋದರೆ ವಾಪಸು ಬರುವುದಿಲ್ಲ. ಸಿಲಿಕೋಸಿಸ್ ಅಂತಾರೆ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರನ್ನು ನರಳಿಸಿದ್ದು ಇದೇ ಕಾಯಿಲೆ. ವಾಸಿಮಾಡುವ ಔಷಧ ಇಲ್ಲ. ಕ್ವಾರ್ಟ್ಜ್ ಹಲಗೆಯಲ್ಲಿ ಸಿಲಿಕಾ ಅಷ್ಟು ಜಾಸ್ತಿ ಇರುವುದರಿಂದ, ಅದನ್ನು ಕತ್ತರಿಸುವ ಹುಡುಗರು ಚಿಕ್ಕ ವಯಸ್ಸಿಗೇ ಹಾಸಿಗೆ ಹಿಡಿಯುತ್ತಿದ್ದಾರೆ ಅಂತ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಧೂಳು ಅಲ್ಲೂ ಅಪಾಯವೇ. ಡೋಲರೈಟಿನಲ್ಲಿ ಕ್ವಾರ್ಟ್ಜ್ ಬಹಳ ಕಡಿಮೆ. ನನ್ನ ಮನೆಯ ಅಂಗಳದಲ್ಲಿ, ಬಾಯಿಗೆ ಕರ್ಚೀಫು ಕಟ್ಟಿಕೊಂಡು ಒಬ್ಬ ಹುಡುಗ ಕತ್ತರಿಸುವ ಕಲ್ಲು ಇದು. ಈ ಲೆಕ್ಕವನ್ನು ಬದಿಗಿಡಲು ನನಗೆ ಆಗಲಿಲ್ಲ. ಮಗಳಿಗೆ ಇದನ್ನು ಕೂರಿಸಿಕೊಂಡು ಹೇಳಿದೆ. ಬಿಳಿ ಕಟ್ಟೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಎತ್ತರದ ಬಗ್ಗೆ ಹೇಳಲೇಬೇಕು. ಹಳೆ ಕಟ್ಟೆ 33 ಇಂಚು. ಅತ್ತೆಯ ಎತ್ತರ ನಾಲ್ಕು ಅಡಿ ಒಂಬತ್ತು ಇಂಚು. ರೊಟ್ಟಿ ಬಡಿಯಲು ಭುಜದ ಭಾರ ಕೆಳಗೆ ಬೀಳಬೇಕು. ಅದಕ್ಕೆ ಅವರು ಇಷ್ಟು ವರ್ಷ ಒಂದು ಮಣೆಯ ಮೇಲೆ ನಿಂತು ಬಡಿಯುತ್ತಿದ್ದರು. ಮಣೆ ಜಾರಿ ಬಿದ್ದರೆ ಏನು ಗತಿ ಅಂತ ನನಗೆ ಸದಾ ಭಯ. ಹೊಸದು ಮಾಡುವಾಗಲೂ ಗೌಂಡಿ 34 ಇಂಚು ಅಂತಲೇ ಗುರುತು ಹಾಕಿದ್ದರು. ಎಲ್ಲರ ಮನೆಗೂ ಹಾಕುವ ಅಳತೆ ಅದು.

ಹಿತ್ತಲಲ್ಲಿ ಇಟ್ಟಿಗೆ ಪೇರಿಸಿ ಮೇಲೆ ಪ್ಲೈವುಡ್ ಹಲಗೆ ಇಟ್ಟೆವು. ಅತ್ತೆ ಬರಿಗಾಲಲ್ಲಿ ನಿಂತು ಹಿಟ್ಟಿನ ಉಂಡೆ ಒತ್ತಿ ನೋಡಿದರು. ಒಂದು ಇಟ್ಟಿಗೆ ತೆಗೆದೆವು. ಮತ್ತೆ ಒತ್ತಿದರು. ಅಡಿಗೆ ಟೈಲ್ಸ್ ಚೂರು ಸೇರಿಸಿ, ತೆಗೆದು, 29 ಇಂಚಿಗೆ ಬಂದಾಗ "ಹಾಂ, ಇಲ್ಲೇ ಇರಲಿ" ಅಂದರು. ಮೊಣಕೈ ನೆಟ್ಟಗಾಗಿತ್ತು, ಬೆನ್ನು ಬಾಗಿರಲಿಲ್ಲ.

ಗೌಂಡಿ ಒಪ್ಪಲಿಲ್ಲ. "ಅಕ್ಕಾರ, ಕಟ್ಟಿ ಎರಡು ಲೆವಲ್ ಮಾಡಿದ್ರ ಚಂದ ಕಾಣಂಗಿಲ್ಲರಿ. ಒಂದ ಗೆರಿ ಹೊಡದಂಗ ಇರ್ಬೇಕು."

ಆದರೆ ಲೆಕ್ಕ ಹಾಕಿದಾಗ ಅದೇ ಅನುಕೂಲಕ್ಕೆ ಬಂತು. ನಮ್ಮ ಕಟ್ಟೆ ಎಲ್ ಆಕಾರದ್ದು. ಉದ್ದದ ಗೋಡೆಗೆ ಹತ್ತು ಅಡಿ, ಮೂಲೆ ತಿರುಗಿ ಇನ್ನು ನಾಲ್ಕು ಅಡಿ. ಅಗಲ ಎರಡು ಅಡಿ. ನಮಗೆ ಸಿಕ್ಕ ಸ್ಲ್ಯಾಬು ಒಂಬತ್ತು ಅಡಿ ಉದ್ದ, ಎರಡೂವರೆ ಅಡಿ ಅಗಲ. ಅಂದರೆ ಹತ್ತು ಅಡಿಯಲ್ಲಿ ಎಲ್ಲೋ ಒಂದು ಜೋಡಣೆ ಬರಲೇಬೇಕು. ಕಿಟಕಿಯ ಕಡೆ ನಾಲ್ಕೂವರೆ ಅಡಿಯನ್ನು 29 ಇಂಚಿಗೆ ಇಳಿಸಿದರೆ, ಒಲೆಯೂ ರೊಟ್ಟಿಯ ಜಾಗವೂ ಅಲ್ಲಿ. ಉಳಿದ ಐದೂವರೆ ಅಡಿ ಸಿಂಕಿನ ಕಡೆ, 34 ಇಂಚಿಗೆ. ಮೆಟ್ಟಿಲು ಇರುವಲ್ಲೇ ಕಲ್ಲು ಕತ್ತರಿಸುವುದರಿಂದ ನಡುವೆ ಜೋಡಣೆಯೇ ಇಲ್ಲ. ಹಳೆ ಕಟ್ಟೆ ಹಾಳಾದದ್ದೇ ಜೋಡಣೆಯಿಂದ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಗೌಂಡಿ ಹೂಂ ಅಂದರು. ಒಲೆ ತಗ್ಗಿನಲ್ಲಿದ್ದರೆ ನನಗೂ ಒಳ್ಳೆಯದೇ ಆಯಿತು. ಕುಕ್ಕರಿನ ಒಳಗೆ ಇಣುಕಲು ಈಗ ಹಿಮ್ಮಡಿ ಎತ್ತಬೇಕಿಲ್ಲ. ಸಿಂಕು ಎತ್ತರದಲ್ಲಿರುವುದೇ ಸರಿ, ಪಾತ್ರೆ ತಿಕ್ಕುವಾಗ ಕೈ ಕೆಳಗೆ ಇಳಿಯುತ್ತದಲ್ಲ.

ಸ್ಲ್ಯಾಬು ಆರಿಸಲು ಗೌಂಡಿಯನ್ನೂ ಕರೆದುಕೊಂಡು ಹೋದೆವು. ಅವರ ಕೆಲಸ ನೋಡುವುದೇ ಒಂದು ಪಾಠ. ಒಂದು ರೂಪಾಯಿ ನಾಣ್ಯದಿಂದ ಕಲ್ಲಿನ ಉದ್ದಕ್ಕೂ ಬಡಿಯುತ್ತಾ ಹೋದರು. ಟಣ್ ಟಣ್ ಅಂತ ಬರುತ್ತಿದ್ದದ್ದು ಒಂದು ಕಡೆ ಬೊದ್ ಅಂದಿತು. ಅಲ್ಲಿ ನೀರು ಸುರಿದು ಬಟ್ಟೆಯಿಂದ ಒರೆಸಿ ಕಾಯ್ದರು. ಸುತ್ತಲೂ ಒಣಗಿದರೂ ಕೂದಲಿನಂಥ ಒಂದು ಗೆರೆ ಒದ್ದೆಯಾಗಿಯೇ ಉಳಿಯಿತು. ಒಳಬಿರುಕು. ಆ ಸ್ಲ್ಯಾಬು ಬಿಟ್ಟೆವು. ನಾಲ್ಕೂ ಮೂಲೆಯಲ್ಲಿ ದಪ್ಪ ಅಳೆದರು. 18 ಮಿಲಿಮೀಟರ್ ಅಂತ ಹೇಳಿದ ಇನ್ನೊಂದು, ಒಂದು ಮೂಲೆಯಲ್ಲಿ 15 ಇತ್ತು. ಅದನ್ನೂ ಬಿಟ್ಟೆವು. ಕೊನೆಗೆ ಒಂದೇ ದಿಮ್ಮಿಯಿಂದ ಕೊಯ್ದ ಎರಡು ಸ್ಲ್ಯಾಬು, 45 ಚದರ ಅಡಿ. 210ರಂತೆ 9,450 ರೂಪಾಯಿ, ತೆರಿಗೆ ಬೇರೆ. ಕಟ್ಟೆಯ ಅಳತೆ 28 ಚದರ ಅಡಿ ಅಷ್ಟೇ, ಆದರೆ ಕೊಳ್ಳುವುದು ಇಡೀ ಸ್ಲ್ಯಾಬು. ಅಗಲದಲ್ಲಿ ಉಳಿದ ಆರು ಇಂಚಿನ ಪಟ್ಟಿ ಮುಂದಿನ ಅಂಚಿಗೂ ಗೋಡೆಯ ಪಟ್ಟಿಗೂ ಆಯಿತು. ದುಡ್ಡು ಕೊಟ್ಟ ಮೇಲೆ ಸ್ಲ್ಯಾಬಿನ ಹಿಂದೆ ಬಣ್ಣದಲ್ಲಿ ನಮ್ಮ ಗುರುತು ಹಾಕಿ, ಫೋಟೋ ತೆಗೆದುಕೊಂಡೆ. ನೋಡಿದ ಕಲ್ಲೇ ಮನೆಗೆ ಬರಬೇಕಲ್ಲ.

ಕೂರಿಸುವ ಕೆಲಸ ನಾಲ್ಕು ದಿನ. ಕತ್ತರಿಸುವುದೆಲ್ಲ ಅಂಗಳದಲ್ಲಿ, ನೀರು ಬಿಟ್ಟುಕೊಂಡೇ ಅಂತ ಮೊದಲೇ ಮಾತಾಗಿತ್ತು. ನಮ್ಮನೆಯವರು ಪೈಪು ಹಿಡಿದು ನಿಂತರು. ಒಳ್ಳೆಯ ಮಾಸ್ಕು ತಂದಿಟ್ಟೆ. ಮೊದಲ ದಿನ ಹುಡುಗರು ಸೆಖೆ ಅಂತ ತೆಗೆದಿಟ್ಟರು. ಅತ್ತೆ ಗದರಿದ ಮೇಲೆ ಹಾಕಿಕೊಂಡರು.

ಒಂದು ತಪ್ಪು ಆಯಿತು. ಸಿಂಕಿಗೆ ತೂತು ಮಾಡುವಾಗ ಮೂಲೆಗಳನ್ನು ನೇರ ಕತ್ತರಿಸಿಬಿಟ್ಟರು. ಮೊದಲು ಮೂಲೆಯಲ್ಲಿ ಗುಂಡಗೆ ಡ್ರಿಲ್ ಮಾಡಿ ಆಮೇಲೆ ಬ್ಲೇಡು ಬಿಡಬೇಕು. ಚೂಪು ಮೂಲೆಯಲ್ಲಿ ಕಲ್ಲಿನ ಒತ್ತಡವೆಲ್ಲ ಒಂದೇ ಕಡೆ ಸೇರುತ್ತದೆ. ಎತ್ತಿ ಇಡುವಾಗ ಸಿಂಕಿನ ಮುಂದಿನ ಸಣ್ಣ ಪಟ್ಟಿಯಲ್ಲಿ ಟಕ್ ಅಂತ ಸದ್ದು. ಎಲ್ಲರೂ ಹಾಗೇ ನಿಂತೆವು. ಮೂಲೆಯಿಂದ ಅಂಚಿನವರೆಗೆ ಒಂದು ಬಿರುಕು. ಎರಡೂವರೆ ತಿಂಗಳು ಹುಡುಕಿದ ಕಲ್ಲು. ಕಣ್ಣಲ್ಲಿ ನೀರು ಬಂತು. ಗೌಂಡಿಯ ಮುಖವೂ ಬಾಡಿತು. ಅವರು ಕಪ್ಪು ಕಲ್ಲಿನ ಪುಡಿ ಬೆರೆಸಿದ ಎಪಾಕ್ಸಿ ಅಂಟು ತುಂಬಿ, ಕೆಳಗೆ ಉಕ್ಕಿನ ಪಟ್ಟಿ ಕೂರಿಸಿ ಗಟ್ಟಿ ಮಾಡಿದರು. ಈಗ ಕಣ್ಣಿಗೆ ಕಾಣುವುದಿಲ್ಲ. ಉಗುರು ಎಳೆದರೆ ಗೊತ್ತಾಗುತ್ತದೆ. ಆ ಮೂಲೆಯ ಮಾತನ್ನು ನಾನು ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು. ನೀವಾದರೂ ಬ್ಲೇಡು ಶುರುಮಾಡುವ ಮುಂಚೆ ಕೇಳಿ.

ಅದೇ ಗೌಂಡಿ ಇನ್ನೊಂದು ಕೆಲಸವನ್ನು ನಾನು ಕೇಳದೆಯೇ ಮಾಡಿದರು. ಕಟ್ಟೆಯ ಮುಂದಿನ ಅಂಚಿನ ಕೆಳಗೆ, ಅರ್ಧ ಇಂಚು ಒಳಗೆ, ಉದ್ದಕ್ಕೂ ಕಾಲುವೆಯಂಥ ಒಂದು ಸಣ್ಣ ಗೀರು ಕೊರೆದರು. ಅಂಚಿನಿಂದ ಇಳಿದ ನೀರು ಕಲ್ಲಿನ ಅಡಿಗೆ ಹರಿದು ಕಪಾಟಿಗೆ ಹೋಗದೆ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಒಂದು ತಾಸಿನ ಕೆಲಸ. ಹಳೆ ಕಟ್ಟೆಗೆ ಇದು ಇದ್ದಿದ್ದರೆ ಕಪಾಟು ಇನ್ನೂ ಹತ್ತು ವರ್ಷ ಬಾಳುತ್ತಿತ್ತೇನೋ.

ಹಳೆ ಕಡಪಾ ಕಲ್ಲನ್ನು ಎಸೆಯಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಡೆ ಹಾಕಿಸಿದೆವು, ಅತ್ತೆಯ ನುಣುಪು ಜಾಗ ಮೇಲೆ ಬರುವ ಹಾಗೆ.

ಹಾಲು ಉಕ್ಕಿಸಿದ ದಿನ ಅತ್ತೆ ಇಪ್ಪತ್ತೆರಡು ರೊಟ್ಟಿ ಬಡಿದರು. ಮಣೆ ಬಾಗಿಲ ಹಿಂದೆಯೇ ಇತ್ತು. ಈಗ ಮೂರು ತಿಂಗಳಾಯಿತು. ಕಪ್ಪು ಕಲ್ಲಿನ ಕಷ್ಟವೂ ಇದೆ. ನಮ್ಮ ಬೋರಿನ ನೀರು ಗಡಸು. ನಲ್ಲಿಯ ಸುತ್ತ ಒಣಗಿದರೆ ಬಿಳಿ ಪೊರೆ ಕಟ್ಟುತ್ತದೆ. ರಾತ್ರಿ ಮಲಗುವ ಮುಂಚೆ ಒಂದು ಒಣಬಟ್ಟೆ ಎಳೆಯಲೇಬೇಕು. ಎರಡು ದಿನ ಬಿಟ್ಟರೆ ಕಾಣುತ್ತದೆ.

29 ಇಂಚಿನ ಆ ಜಾಗ ನನ್ನ ಮಗಳ ಎತ್ತರಕ್ಕೂ ಸರಿಹೋಗುತ್ತದೆ ಅಂತ ನಾವು ಯಾರೂ ಯೋಚಿಸಿರಲಿಲ್ಲ. ಅವಳಿಗೆ ಹನ್ನೆರಡು. ಭಾನುವಾರ ಅತ್ತೆಯ ಪಕ್ಕ ನಿಂತು ತಾನೂ ಒಂದು ಉಂಡೆ ಹಿಡಿಯುತ್ತಾಳೆ. ಅವಳ ರೊಟ್ಟಿ ಇನ್ನೂ ದುಂಡಗಾಗುತ್ತಿಲ್ಲ, ಅಂಚೆಲ್ಲ ಬಿರಿಯುತ್ತದೆ. ಅತ್ತೆ ಕೈಹಾಕುವುದಿಲ್ಲ. ಕಪ್ಪು ಗೆರೆ ಕಂಡಲ್ಲಿ ಹಿಟ್ಟಾದ ಬೆರಳು ತೋರಿಸಿ, "ಇಲ್ಲಿ ಒತ್ತು. ಹಾಂ. ಈಗ ಇಲ್ಲಿ" ಅನ್ನುತ್ತಾರೆ.